ಅಳಿವೆಯ ಈಚೆಗೆ

ಹದಿನೈದು ಹದಿನಾರು ವಯಸ್ಸಿನ ಮಕ್ಕಳು ಮನೆಯಲ್ಲಿ ಮಾತೆತ್ತುವ ಕ್ರಮವೇ ಬೇರೆ. "ಹೋಗಲೇ?" ಎಂದು ಕೇಳುವ ಕಾಲ ಕಳೆದಿರುವುದು, "ಹೋಗುತ್ತೇನೆ" ಎನ್ನುವ ಅಧಿಕಾರ ಇನ್ನೂ ಬಂದಿರುವುದಿಲ್ಲ. ಆದುದರಿಂದ ಅವರು "ಎಲ್ಲರೂ ಹೋಗುತ್ತಾರೆ" ಎಂದಷ್ಟೇ ಹೇಳಿ ಸುಮ್ಮನಾಗುವರು. ಹೋಗತಕ್ಕದ್ದು ಅಘನಾಶಿನಿ ನದಿಯಲ್ಲಿ ಮೂರು ದಿವಸಗಳ ಕಯಾಕ್ ಪ್ರಯಾಣಕ್ಕೆಂದೂ, ರಾತ್ರಿ ದಂಡೆಯಲ್ಲಿ ಡೇರೆ ಹಾಕಿ ಮಲಗುವುದೆಂದೂ ತಿಳಿದೊಡನೆ ತಾಯಿಯ ಕೈಯ ಸೌಟು ನಿಲ್ಲುವುದು, ತಂದೆಯ ಪತ್ರಿಕೆ ಕೆಳಗಿಳಿಯುವುದು. ಅಜ್ಜಿಗೆ ಮಾತ್ರ ಸಂಗತಿ ಪೂರ್ತಿಯಾಗಿ ಕೇಳಿಸದಿರುವುದರಿಂದ, ಚಕ್ಕುಲಿ ಎಷ್ಟು ಬೇಕೆಂದು ವಿಚಾರಿಸುವಳು.

ತಾಯಿತಂದೆಗಳ ಭಯ ಅಕಾರಣವಾದುದಲ್ಲ. ನೀರು ತಪ್ಪನ್ನು ತಿದ್ದಿಕೊಳ್ಳಲು ಹೆಚ್ಚು ಅವಕಾಶ ಕೊಡುವ ಗುರುವಲ್ಲ. ಮಕ್ಕಳ ಆಸೆಯೂ ಅಯುಕ್ತವಲ್ಲ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ನಡೆಸಿಕೊಳ್ಳಬೇಕೆಂದು ಪ್ರಾಚೀನ ನೀತಿಕಾರರು ವಿಧಿಸಿರುವರು. ಈ ವಿಧಿ ಮಗಳಿಗೂ ಅನ್ವಯಿಸುವುದೆಂದು ಈಗ ಬೇರೆಯಾಗಿ ಹೇಳಬೇಕಾದುದಿಲ್ಲ. ಮಿತ್ರನೆಂದರೆ ಆಲೋಚನೆಯಲ್ಲಿ ಪಾಲುಗೊಳ್ಳುವವನು. ಹಿರಿಯರೇ ಸಕಲವನ್ನೂ ನಿಶ್ಚಯಿಸಿ ಮಕ್ಕಳನ್ನು ಮೂಟೆಗಳಂತೆ ದೋಣಿಯಲ್ಲಿರಿಸಿದರೆ ಅದು ಸಾಗಾಣಿಕೆಯಾದೀತೇ ಹೊರತು ಪ್ರಯಾಣವಾಗಲಾರದು. ಇಂತಹ ಪ್ರಯಾಣದ ಸಿದ್ಧತೆಯಲ್ಲಿ ಮಕ್ಕಳ ಕೈಗೆ ಯಾವುದನ್ನು ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬುದೇ ವಿಚಾರಾರ್ಹವಾದುದು.

ಕಯಾಕ್ ಎಂಬುದು ಮೂಲತಃ ಉತ್ತರ ಧ್ರುವಪ್ರದೇಶದ ಇನ್ಯೂಯಿಟ್ ಜನರ ಬೇಟೆಯ ದೋಣಿ. ಮರದ ಇಲ್ಲವೆ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಅವರು ಅದನ್ನು ನಿರ್ಮಿಸುತ್ತಿದ್ದರು. ಈಗಿನವು ಬಹುಮಟ್ಟಿಗೆ ಪ್ಲಾಸ್ಟಿಕಿನವು. ಅದರಲ್ಲಿ ಕುಳಿತವನು ನೀರಿನ ಮಟ್ಟಕ್ಕೆ ಸಮೀಪದಲ್ಲಿ ಕಾಲು ನೀಡಿಕೊಂಡು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಮುಂದರಿಯುವನು. ಹಗುರವಾದುದರಿಂದ ಅದು ಬೇಗ ಸಾಗುವುದು. ಹಗುರವಾದುದರಿಂದಲೇ ಗಾಳಿಯ ವಶಕ್ಕೂ ಬೇಗ ಹೋಗುವುದು.

ಶಿರಸಿಯ ಬಳಿ ಹುಟ್ಟುವ ಅಘನಾಶಿನಿಗೆ ಅಣೆಕಟ್ಟಿನ ಬಂಧನವಿಲ್ಲ. ಜನರು ಕೆಪ್ಪಜೋಗವೆಂದು ಕರೆಯುವ ಉಂಚಳ್ಳಿಯಲ್ಲಿ ಅದು 116 ಮೀಟರು ಕೆಳಕ್ಕೆ ಧುಮುಕಿ, ಕಣಿವೆಯ ಬಂಡೆಗಳ ನಡುವೆ ಹರಿದು, ಕುಮಟಾ ತಾಲ್ಲೂಕಿನ ಉಪ್ಪಿನಪಟ್ಟಣದ ಆಸುಪಾಸಿನಲ್ಲಿ ಶಾಂತವಾಗುವುದು. ಅಲ್ಲಿಂದ ದಿವಗಿ, ಮಿರ್ಜಾನುಗಳ ಕಡೆಯಿಂದ ಅಗಲವಾಗುತ್ತ ಹೋಗಿ ತದಡಿಯ ಬಳಿ ಸಮುದ್ರವನ್ನು ಸೇರುವುದು. ಈ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್‌ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಮೇಲಿನ ಕಣಿವೆ ಮಕ್ಕಳಿಗೆ ತಕ್ಕುದಲ್ಲ. ಈ ಕೆಳಗಿನ ಭಾಗ ತಕ್ಕುದು. ನುರಿತವನು ಒಂದೇ ದಿವಸದಲ್ಲಿ ಮುಗಿಸಬಹುದಾದ ದೂರವನ್ನು ಮೂರು ದಿವಸಗಳಿಗೆ ಹಂಚುವುದರಲ್ಲಿ ವಿವೇಕವುಂಟು. ಮೊದಲನೆಯ ದಿವಸವೆಲ್ಲ ಕಲಿಯುವುದಕ್ಕೇ ಬೇಕಾಗುವುದು.

ಮಕ್ಕಳಿಗೆ ಒಪ್ಪಿಸಬೇಕಾದ ಮೊದಲನೆಯ ಕೆಲಸ ಕಾಲನಿರ್ಣಯ. ಜೂನಿನಿಂದ ಸೆಪ್ಟೆಂಬರಿನವರೆಗೆ ನದಿಯ ಮಾತನ್ನೇ ಎತ್ತುವಂತಿಲ್ಲ. ಡಿಸೆಂಬರು ಜನವರಿಗಳು ಪ್ರಶಸ್ತವಾದುವು. ಆದರೆ ತಿಂಗಳನ್ನು ಆರಿಸಿದರೆ ಸಾಲದು, ತಿಥಿಯನ್ನೂ ನೋಡಬೇಕು. ಅಮಾವಾಸ್ಯೆ ಪೂರ್ಣಿಮೆಗಳ ಸುತ್ತಿನಲ್ಲಿ ಉಬ್ಬರವೂ ಇಳಿತವೂ ಬಲವಾಗಿರುವುವು; ಅಷ್ಟಮಿಯ ಸುತ್ತಿನಲ್ಲಿ ಸೆಳವು ಸೌಮ್ಯವಾಗುವುದು. ಒಂದು ಉಬ್ಬರಕ್ಕೂ ಮತ್ತೊಂದಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಎಂದರೆ ಇಂದು ಕಂಡ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುವುದು. ಭಾರತೀಯ ಸರ್ವೇಕ್ಷಣ ಇಲಾಖೆಯವರು ಪ್ರಕಟಿಸುವ ಉಬ್ಬರವಿಳಿತಗಳ ಕೋಷ್ಟಕವನ್ನೂ ಮನೆಯ ಪಂಚಾಂಗವನ್ನೂ ಎದುರಿಗಿಟ್ಟುಕೊಂಡು, ಬೆಳಗಿನ ಹೊತ್ತಿನಲ್ಲಿ ನೀರಿಳಿಯುವ ದಿವಸಗಳನ್ನು ಮಕ್ಕಳೇ ಹುಡುಕಲಿ. ಸಮುದ್ರದಿಂದ ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುವುದು. ಎಷ್ಟು ತಡವೆಂಬುದನ್ನು ಅದೇ ನೀರಿನಲ್ಲಿ ಪಾತಿದೋಣಿ ನಡೆಸಿದವರಿಂದಲೇ ಕೇಳಿ ತಿಳಿಯಬೇಕು. ಪಂಚಾಂಗವನ್ನು ಅಜ್ಜನ ಹಳೆಯ ಪುಸ್ತಕವೆಂದು ಬಗೆದಿದ್ದ ಹುಡುಗನು, ಆಕಾಶದ ಚಂದ್ರನಿಗೂ ತನ್ನ ದೋಣಿಗೂ ಸಂಬಂಧವುಂಟೆಂದು ಅಂದು ಅರಿಯುವನು.

ಎರಡನೆಯದು ನೀರಿನ ಲೆಕ್ಕ. ನದಿಯ ತುಂಬ ನೀರಿದ್ದರೂ ಉಪ್ಪಾದುದರಿಂದ ಕುಡಿಯಲು ಬಾರದು. ಹತ್ತು ಮಂದಿ ಮಕ್ಕಳು, ಮೂವರು ಹಿರಿಯರು. ಕುಡಿಯುವುದಕ್ಕೂ ಅಡಿಗೆಗೂ ತಲೆಗೆ 4 ಲೀಟರಿನಂತೆ ದಿವಸಕ್ಕೆ 52 ಲೀಟರು, ಮೂರು ದಿವಸಕ್ಕೆ 156 ಲೀಟರು. ಅದರ ತೂಕ 156 ಕಿಲೋ. ಮೂರು ಜನ ಹೆಚ್ಚಿಗೆ ಹತ್ತಿ ಕುಳಿತಂತಾಯಿತು! ಈ ಲೆಕ್ಕವನ್ನು ಹಿರಿಯರು ಹೇಳಿಕೊಟ್ಟರೆ ಮಕ್ಕಳು ತಲೆದೂಗಿ ಮರೆತುಬಿಡುವರು. ತಾವೇ ಗುಣಿಸಿದಾಗ, ಪ್ರತಿ ಸಂಜೆಯ ಬಿಡಾರವೂ ಒಳ್ಳೆಯ ಬಾವಿಯುಳ್ಳ ಊರಿನ ಬಳಿಯಲ್ಲಿಯೇ ಇರಬೇಕೆಂಬ ತೀರ್ಮಾನ ತಾನಾಗಿ ಹೊರಡುವುದು. ಚಕ್ಕುಲಿಯ ಡಬ್ಬಿ ಎಷ್ಟು ದೊಡ್ಡದಿರಬೇಕೆಂಬುದೂ ಆಗ ಇತ್ಯರ್ಥವಾಗುವುದು.

ಇನ್ನು ಮಕ್ಕಳ ಮತಕ್ಕೆ ಬಿಡಬಾರದ ಸಂಗತಿಗಳು ಕೆಲವುಂಟು. ಲೈಫ್ ಜಾಕೆಟ್ಟು ತೊಡದವನು ದೋಣಿಯನ್ನು ಮುಟ್ಟಬಾರದು. ಸೆಕೆಯಾಗುವುದೆಂಬ ಕಾರಣ ಅಲ್ಲಿ ಸಲ್ಲದು. ಎದೆಮಟ್ಟದ ನಿಂತ ನೀರಿನಲ್ಲಿ ಪ್ರತಿಯೊಬ್ಬರೂ ಬೇಕೆಂದೇ ದೋಣಿಯನ್ನು ಮಗುಚಿ, ಹೊರಬಂದು, ಅದನ್ನು ಹಿಡಿದುಕೊಂಡು ತೇಲುವುದನ್ನು ಅಭ್ಯಾಸ ಮಾಡಬೇಕು. ನೀರಿನಲ್ಲಿ ಪಳಗಿದ, ರಕ್ಷಣೆಯನ್ನು ಬಲ್ಲ ಹಿರಿಯನೊಬ್ಬನು ಎಲ್ಲರಿಗಿಂತ ಮುಂದೆ, ಇನ್ನೊಬ್ಬನು ಎಲ್ಲರಿಗಿಂತ ಹಿಂದೆ ಇರತಕ್ಕದ್ದು. ನಡುವೆ ಇರುವವರು ಸೀಟಿಯ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿ ಸಾಗಬೇಕು. ಉಬ್ಬಸ, ಅಪಸ್ಮಾರ ಮೊದಲಾದ ಉಪದ್ರವಗಳನ್ನು ಈ ವಯಸ್ಸಿನವರು ಗೆಳೆಯರ ಮುಂದೆ ಒಪ್ಪಿಕೊಳ್ಳಲು ನಾಚುವರು. ಆದುದರಿಂದ ತಾಯಿತಂದೆಗಳನ್ನೂ ಮಗುವನ್ನೂ ಬೇರೆಬೇರೆಯಾಗಿ, ಏಕಾಂತದಲ್ಲಿ ಕೇಳುವುದು ಲೇಸು.

ಈ ನದಿ ಬರಿದಾದ ನೀರಲ್ಲ, ಹಲವರ ಹೊಲ ಎಂಬುದೂ ಮೊದಲೇ ತಿಳಿದಿರಬೇಕು. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಆಯುವರು. ದಂಡೆಯ ಗಜನಿಗಳಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗವೆಂಬ ಭತ್ತ ಬೆಳೆಯುವುದು; ಅದನ್ನು ಕಾಯುವ ಕಟ್ಟೆಯ ಮೇಲೆ ಡೇರೆಯ ಗೂಟ ಹೊಡೆಯುವುದು ಅಪರಾಧಕ್ಕೆ ಸಮಾನ. ಕಾಂಡ್ಲಾ ಗಿಡಗಳ ಬಳಿ ಬೆಂಕಿ ಕೂಡದು. ಹಾಸಿದ ಬಲೆಯ ಮೇಲೆ ಹುಟ್ಟು ಹಾಕಕೂಡದು. ಬಿಡಾರದ ಜಾಗಕ್ಕೆ ನೆಲದ ಯಜಮಾನರನ್ನೂ ಪಂಚಾಯಿತಿಯನ್ನೂ, ಅರಣ್ಯದ ಭೂಮಿಯಾದರೆ ಆ ಇಲಾಖೆಯನ್ನೂ ಮುಂಚಿತವಾಗಿ ಕೇಳಬೇಕು. ಕೇಳಲು ಹೋಗುವಾಗ ಇಬ್ಬರು ಮಕ್ಕಳನ್ನು ಜೊತೆಗೆ ಕರೆದೊಯ್ದರೆ, ಅನುಮತಿಯೆಂಬುದು ಕಾಗದವಲ್ಲ, ಮನುಷ್ಯರ ಸೌಜನ್ಯವೆಂದು ಅವರಿಗೆ ಮನದಟ್ಟಾಗುವುದು.

ಎಲ್ಲಕ್ಕಿಂತ ಕಠಿನವಾದುದು ಎಲ್ಲಿ ನಿಲ್ಲಬೇಕೆಂಬ ನಿರ್ಣಯ. ಮಕ್ಕಳ ಮನಸ್ಸೆಲ್ಲ ಸಮುದ್ರದ ಮೇಲೆ. ನದಿಯಲ್ಲಿ ಹೊರಟವರು ಅಳಿವೆಯನ್ನು ದಾಟಿ ಕಡಲನ್ನು ಮುಟ್ಟದೆ ಬಂದರೆ ಏನು ಬಂತು ಎಂಬುದು ಅವರ ವಾದ. ಆದರೆ ಅಳಿವೆಯ ಬಾಯಲ್ಲಿ ಇಳಿತದ ನೀರು ರಭಸದಿಂದ ಹೊರಕ್ಕೆ ಧಾವಿಸುವುದು; ಮಧ್ಯಾಹ್ನದ ಪಡುಗಾಳಿ ಅದಕ್ಕೆದುರಾಗಿ ಬೀಸಿದೊಡನೆ ಅಲೆಗಳು ಕಡಿದಾಗಿ ಏಳುವುವು. ಅಲ್ಲಿ ದಣಿದ ಕೈಯ ಹುಟ್ಟಿಗೆ ಬೆಲೆಯಿಲ್ಲ. ಕೋಪದಿಂದ "ಕೂಡದು" ಎಂದರೆ ಮಕ್ಕಳು ಅದನ್ನು ಹಿರಿಯರ ಅಂಜಿಕೆಯೆಂದು ಎಣಿಸುವರು. ಬದಲಾಗಿ, ಹೊರಡುವುದಕ್ಕೆ ವಾರದ ಮುಂಚೆ, ಮನೆಯ ಜಗಲಿಯ ಮೇಲೆ ನಕ್ಷೆಯನ್ನು ಹರವಿ, ಇಳಿತದ ವೇಗ, ಗಾಳಿಯ ಹೊತ್ತು, ಕೈಯ ಶಕ್ತಿ ಇವುಗಳನ್ನೆಲ್ಲ ಮುಂದಿಟ್ಟು, ಗೆರೆಯನ್ನು ಅವರೇ ಎಳೆಯುವಂತೆ ಮಾಡಬೇಕು. ಇದರ ಆಚೆಗೆ ಹೋಗತಕ್ಕದ್ದಿಲ್ಲ. ಹನ್ನೊಂದು ಗಂಟೆಯ ಮೇಲೆ ನೀರಿನಲ್ಲಿರತಕ್ಕದ್ದಿಲ್ಲ. ನೀರಿನ ಮೇಲೆ ಬಿಳಿನೊರೆ ಕಂಡರೆ ದಡಕ್ಕೆ. ಒಬ್ಬನು ಆಗದೆಂದರೆ ಎಲ್ಲರಿಗೂ ಆಗದು. ನಾಲ್ಕು ಸಾಲು ಬರೆದು ಹಿರಿಯರೂ ಮಕ್ಕಳೂ ಕೆಳಗೆ ಹೆಸರು ಹಾಕಲಿ. ಹಿರಿಯರು ಆ ಗೆರೆಯನ್ನು ಇನ್ನೂ ಈಚೆಗೆ ಸರಿಸಬಹುದು. ಆಚೆಗೆ ಸರಿಸುವ ಅಧಿಕಾರ ಯಾರಿಗೂ ಇರಬಾರದು.

ಮೂರನೆಯ ದಿವಸ ದೂರದಲ್ಲಿ ಕಡಲಿನ ಬೆಳ್ಳಿಯ ಪಟ್ಟಿ ತೋರುವುದು, ಮೊರೆತ ಕೇಳುವುದು. ಎರಡು ದಿವಸಗಳ ಅಭ್ಯಾಸದಿಂದ ತೋಳಿಗೆ ಹುರುಪು ಬಂದಿರುವುದು. ಇನ್ನು ಸ್ವಲ್ಪ ದೂರವೆಂದು ಎಲ್ಲರ ಮನಸ್ಸೂ, ಹಿರಿಯರದೂ ಸಹ, ಎಳೆಯುವ ಗಳಿಗೆ ಅದು. ಪಾಪವನ್ನು ಕಳೆಯುವಳೆಂದು ಈ ನದಿಗೆ ಅಘನಾಶಿನಿಯೆಂಬ ಹೆಸರಾಯಿತು. ಅಜಾಗ್ರತೆಯೆಂಬ ಪಾಪವನ್ನು ಮಾತ್ರ ಅವಳೂ ಕಳೆಯಲಾರಳು. ಆ ಗಳಿಗೆಯಲ್ಲಿ, ಹಿರಿಯನು ಬಾಯಿ ತೆರೆಯುವ ಮೊದಲೇ, ಜಗಲಿಯ ಮೇಲೆ ಗೆರೆ ಎಳೆದ ಹುಡುಗಿಯೊಬ್ಬಳು ತನ್ನ ದೋಣಿಯನ್ನು ದಡಕ್ಕೆ ತಿರುಗಿಸಿದಳೆಂದರೆ, ಸಿದ್ಧತೆ ಸಾರ್ಥಕವಾಯಿತು. ಆಮೇಲೆ ಬೇಕಾದರೆ ಎಲ್ಲರೂ ದಂಡೆಯ ಮೇಲೆ ನಡೆದುಕೊಂಡು ಹೋಗಿ, ಮರಳಿನಲ್ಲಿ ನಿಂತು, ಸಮುದ್ರವನ್ನು ಕಣ್ತುಂಬ ನೋಡಿ ಬರಲಿ.