ಆಜ್ಞೆಗೂ ಆಧಾರ ಬೇಕು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಆಡಳಿತ ಮಂಡಳಿಯ ಸದಸ್ಯತ್ವವೆಂಬುದು ಬರಿಯ ಮಾನದ ಸ್ಥಾನವಲ್ಲ. ನಿಪ್ಪಾಣಿಯ ಹಾಲಸಿದ್ಧನಾಥ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ಅಥಣಿಯ ಕೃಷ್ಣಾ ಮೊದಲಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು, ಪತ್ತಿನ ಸಂಘಗಳು ಇವುಗಳ ನಿರ್ಣಯಗಳು ರೈತನ ಕಬ್ಬಿನ ಬಿಲ್ಲನ್ನೂ ವ್ಯಾಪಾರಿಯ ವಹಿವಾಟನ್ನೂ ನೇರವಾಗಿ ಮುಟ್ಟುತ್ತವೆ. ಆದುದರಿಂದ ಸರ್ಕಾರದ ಆಜ್ಞೆಯಿಂದ ಯಾವನೋ ಸದಸ್ಯನು ಪದಚ್ಯುತನಾದನೆಂಬ ಸುದ್ದಿ ಬಂದಾಗ ಅಡತಿ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಏಳುವುದು ಸಹಜ: ಮಂತ್ರಿಗಳ ಸಹಿ ಬಿದ್ದ ಮೇಲೆ ಕೇಳುವವರುಂಟೇ?

ಕೇಳುವವರುಂಟು, ಆದರೆ ಏನನ್ನು ಕೇಳಬಹುದೆಂಬುದನ್ನು ಅರಿಯಬೇಕು. ಉಚ್ಚ ನ್ಯಾಯಾಲಯವು ಸಂವಿಧಾನದ 226ನೆಯ ಅನುಚ್ಛೇದದಂತೆ ನಡೆಸುವ ಪರಾಮರ್ಶೆಯು ಲೆಕ್ಕ ಪರಿಶೋಧನೆಯನ್ನು ಹೋಲುತ್ತದೆ. ಕಳೆದ ವರ್ಷ ಬೆಲ್ಲ ಕೊಂಡದ್ದು ಜಾಣತನವೋ ಅಲ್ಲವೋ ಎಂದು ಆಡಿಟರು ತೀರ್ಪು ಕೊಡುವುದಿಲ್ಲ. ಕಿರ್ದಿಯಲ್ಲಿ ಬರೆದ ಹಣಕ್ಕೆ ಪಾವತಿ ಇದೆಯೇ, ಬರೆದವನಿಗೆ ಅಧಿಕಾರವಿತ್ತೇ ಎಂದು ನೋಡುತ್ತಾನೆ. ನ್ಯಾಯಾಲಯವೂ ಹಾಗೆಯೇ. ಕಾಯಿದೆಯು ಮಂತ್ರಿಗೆ ಈ ಅಧಿಕಾರವನ್ನು ಕೊಟ್ಟಿತ್ತೇ? ಕಾಯಿದೆಯ ಉದ್ದೇಶಕ್ಕಾಗಿಯೇ ಅದನ್ನು ಬಳಸಲಾಯಿತೇ? ಕಾರಣಕ್ಕೆ ಆಧಾರವಿದೆಯೇ? ಹೊರಹಾಕುವ ಮೊದಲು ಆ ಮನುಷ್ಯನ ಮಾತನ್ನು ಕೇಳಲಾಯಿತೇ?

ಎಲ್ಲ ಸ್ಥಾನಗಳೂ ಒಂದೇ ಬಗೆಯವಲ್ಲವೆಂಬುದನ್ನೂ ಮರೆಯಲಾಗದು. ಚುನಾಯಿತ ಮಂಡಳಿಯನ್ನು ಕಾಯಿದೆಯಲ್ಲಿ ಹೇಳಿದ ಕಾರಣಗಳಿಲ್ಲದೆ ತೆಗೆಯಲಾಗದು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 30ನೆಯ ಕಲಮು ಆಡಳಿತ ಮಂಡಳಿಯನ್ನು ರದ್ದುಪಡಿಸುವ ಮೊದಲು ಅದರ ಆಕ್ಷೇಪಣೆಗಳಿಗೆ ಅವಕಾಶ ಕೊಡಬೇಕೆನ್ನುತ್ತದೆ. ಸರ್ಕಾರದ ಮರ್ಜಿ ಇರುವವರೆಗೆ ಮಾತ್ರ ಎಂಬ ಷರತ್ತಿನ ಮೇಲೆ ನಾಮಕರಣಗೊಂಡವರ ಸ್ಥಿತಿ ಬೇರೆ. ಉತ್ತರ ಪ್ರದೇಶದ ಶಹಜಹಾನಪುರ ನಗರಪಾಲಿಕೆಯ ನಾಮನಿರ್ದೇಶಿತ ಸದಸ್ಯರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಅಂಥ ಸದಸ್ಯರನ್ನು ತೆಗೆದುದನ್ನು ಎತ್ತಿಹಿಡಿಯಿತು. 2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಸರ್ಕಾರ ಬದಲಾದಾಗ ನಿಗಮ-ಮಂಡಳಿಗಳ ನಾಮಕರಣಗಳು ರದ್ದಾದುದನ್ನು ವಾಚಕರು ನೆನೆಯಬಹುದು. ಆದರೂ ಮರ್ಜಿ ಎಂದರೆ ಮನಬಂದಂತೆ ಎಂದಲ್ಲ. ರಾಜ್ಯಪಾಲರ ಪದಚ್ಯುತಿಗೆ ಸಂಬಂಧಿಸಿದ ಬಿ.ಪಿ. ಸಿಂಘಾಲ್ ಪ್ರಕರಣದಲ್ಲಿ, 2010ರಲ್ಲಿ, ಸಂವಿಧಾನ ಪೀಠವು ಈ ಅಧಿಕಾರವನ್ನು ಸ್ವೇಚ್ಛೆಯಿಂದಲೋ ದುರುದ್ದೇಶದಿಂದಲೋ ಬಳಸಲಾಗದೆಂದು ಹೇಳಿತು.

ಇನ್ನು ಕೇಳುವ ಕರ್ತವ್ಯದ ಮಾತು. 1980ರ ಫೆಬ್ರುವರಿಯಲ್ಲಿ ನವದೆಹಲಿ ಪುರಸಭೆಯ ಸಮಿತಿಯನ್ನು ಉಪರಾಜ್ಯಪಾಲರು ಅವಧಿಗೆ ಮುನ್ನವೇ ವಜಾ ಮಾಡಿದರು. ಸದಸ್ಯರಿಗೆ ನೋಟೀಸು ಇರಲಿಲ್ಲ. ಸಂಗತಿಗಳು ನಿರ್ವಿವಾದವಾಗಿದ್ದುದರಿಂದ ಕೇಳಿದ್ದರೂ ಫಲ ಬೇರೆಯಾಗುತ್ತಿರಲಿಲ್ಲವೆಂದು ಆಡಳಿತದ ವಾದ. ಎಸ್.ಎಲ್. ಕಪೂರ್ ಪ್ರಕರಣವೆಂದು ಪ್ರಸಿದ್ಧವಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಈ ವಾದವನ್ನು ಒಪ್ಪಲಿಲ್ಲ. ಕೇಳದಿರುವುದೇ ಒಂದು ಹಾನಿ; ಬೇರೆ ಹಾನಿಯನ್ನು ತೋರಿಸಬೇಕಾಗಿಲ್ಲ. ವಸ್ತುವಿಗೆ ಅನೇಕ ಮುಖಗಳುಂಟೆಂದು ನಿತ್ಯ ಹೇಳುವ ಸಮಾಜಕ್ಕೆ ಈ ಮಾತು ಹೊಸದಾಗಿ ಕಾಣಲಾರದು.

ಆದರೆ ಇದೇ ತೀರ್ಪಿನಲ್ಲಿ ಒಂದು ಕಹಿಸತ್ಯವೂ ಇದೆ. ತೀರ್ಪು ಬಂದುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಸಮಿತಿಯ ಅವಧಿ ಮುಗಿಯಲು ಉಳಿದುದು ಕೆಲವೇ ದಿನಗಳು. ಆದುದರಿಂದ ಆಜ್ಞೆ ದೋಷಯುಕ್ತವೆಂದು ಸಾರಲಾಯಿತೇ ಹೊರತು ಕುರ್ಚಿ ಮರಳಲಿಲ್ಲ. ಕನ್ನಡ ನಾಡಿನ ಅತಿದೊಡ್ಡ ಪದಚ್ಯುತಿಯ ಕಥೆಯೂ ಇಂಥದೇ. ಎಸ್.ಆರ್. ಬೊಮ್ಮಾಯಿಯವರ ಮಂತ್ರಿಮಂಡಲವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು; ಬಹುಮತವನ್ನು ವಿಧಾನಸಭೆಯಲ್ಲಿಯೇ ಪರೀಕ್ಷಿಸಬೇಕಾಗಿತ್ತೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದುದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ರಾಜ್ಯದಲ್ಲಿ ಹೊಸ ಚುನಾವಣೆ ನಡೆದು ವರ್ಷಗಳೇ ಕಳೆದಿದ್ದವು.

ಹಿಂದೆ ಈ ಭಾಗದವರು ರಿಟ್ ಅರ್ಜಿಗಾಗಿ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆಯಿತು. ದಾರಿ ಕಿರಿದಾಯಿತು, ಕಾಲ ಕಿರಿದಾಗಲಿಲ್ಲ. ಐದು ವರ್ಷದ ಅವಧಿಯಲ್ಲಿ ಎರಡು ವರ್ಷ ದಾವೆಯಲ್ಲಿ ಕಳೆದರೆ ಗೆದ್ದವನಿಗೆ ಉಳಿಯುವುದು ಮೂರೇ ವರ್ಷ. ಹೋದ ದಿನಗಳನ್ನು ಯಾವ ನ್ಯಾಯಾಲಯವೂ ಕೊಡಲಾರದು.

ಆದುದರಿಂದ ನ್ಯಾಯದ ಮೊದಲ ಪೀಠವಿರುವುದು ಸಹಿ ಮಾಡುವವನ ಮೇಜಿನ ಮೇಲೆಯೇ. ಈ ಮಾತು ಮಂತ್ರಿಗಳಿಗೆ ಮಾತ್ರ ಅನ್ವಯಿಸುವುದೆಂದು ಬಸದಿಯ ವಿಶ್ವಸ್ತ ಮಂಡಳಿಗಳು, ವಿದ್ಯಾಸಂಸ್ಥೆಗಳು ಭಾವಿಸಬಾರದು. ಭಿನ್ನಮತ ನುಡಿದ ಸದಸ್ಯನ ಹೆಸರನ್ನು ಮುಂದಿನ ಸಭೆಯ ನೋಟೀಸಿನಿಂದಲೇ ಬಿಡುವ ಅಧ್ಯಕ್ಷರು ನಮ್ಮ ಸಮಾಜದಲ್ಲಿ ಇಲ್ಲವೆನ್ನಲಾದೀತೇ? ಅವರ ಮೇಲೆ ಯಾರೂ ದಾವೆ ಹೂಡದಿರಬಹುದು. ಆರೋಪವನ್ನು ಬರೆದು ಕೊಡುವುದು, ಉತ್ತರಕ್ಕೆ ದಿನಗಳನ್ನು ಕೊಡುವುದು, ಬಂದ ಉತ್ತರವನ್ನು ಓದುವುದು, ನಿರ್ಣಯದ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸುವುದು: ಈ ನಾಲ್ಕಕ್ಕೆ ಖರ್ಚು ಒಂದು ಅಂಚೆ ಲಕೋಟೆಯಷ್ಟೇ. ಪಾವತಿ ಇಲ್ಲದ ಖರ್ಚನ್ನು ತನ್ನ ಅಂಗಡಿಯ ಕಿರ್ದಿಯಲ್ಲಿ ಒಪ್ಪದ ವ್ಯಾಪಾರಿಯು, ಕಾರಣವಿಲ್ಲದ ಪದಚ್ಯುತಿಯನ್ನು ತನ್ನ ಸಂಸ್ಥೆಯ ನಡಾವಳಿಯಲ್ಲಿ ಒಪ್ಪುವುದು ತರವಲ್ಲ.