ಬಿಸಿಲಿಗೆ ಬಾ, ತಮ್ಮಾ

ಲಗ್ನಪತ್ರಿಕೆ ಮಾಡಿಸಲು ಬರುವ ನಮ್ಮ ಗುರುಗುಂಟಾದ ಮಂದಿಗೆ ಬರೇ ಕೆಂಪು ಎಂದರೆ ಸಾಲದು. ದಾಳಿಂಬ್ರಿ ಕೆಂಪೋ, ಕುಂಕುಮದ್ದೋ, ಇಟ್ಟಂಗಿಯದೋ ಹೇಳಬೇಕು. ಹಸಿರಾದರೆ ಗಿಣಿಯೋ ನವಿಲೋ ಗೊತ್ತಾಗಬೇಕು. ಉಳ್ಳಾಗಡ್ಡಿ ಸಿಪ್ಪಿ, ಬದನಿಕಾಯಿ, ಗಂಧ ಎಂದು ಪಟ್ಟಿ ಬೆಳೆಯುತ್ತದೆ. ಇಳಕಲ್ ಸೀರೆ ನೋಡಿ ಪಳಗಿದ ಕಣ್ಣುಗಳಿವು. ಲಿಂಗಸುಗೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ನನ್ನ ಹತ್ತಿರವೋ ಇರುವುದು ನಾಲ್ಕೇ: ಸಯಾನ್, ಮಜೆಂಟಾ, ಹಳದಿ, ಕಪ್ಪು.

ಈ ನಾಲ್ಕರಲ್ಲಿ ಏನೆಲ್ಲ ಹುಟ್ಟಿದರೂ ಚಿನ್ನ ಹುಟ್ಟುವುದಿಲ್ಲ. ಅದಕ್ಕೆ ಲೋಹದ ಪುಡಿಯ ಇಂಕು ಬೇಕು, ಇಲ್ಲವೇ ಫಾಯಿಲ್ ಒತ್ತಬೇಕು. ಖರ್ಚು ಬೇಡವೆಂದವರೇ ಆಮೇಲೆ ಕಾರ್ಡು ಹಿಡಿದು ಬರುತ್ತಾರೆ: ‘ಅಲ್ರೀ, ಇಲ್ಲೇ ಮಗ್ಗಲಿಗೆ ಹಟ್ಟಿ ಗಣಿ ಐತಿ. ನಿಮ್ಮ ಚಿನ್ನ ಯಾಕ್ರಿ ಸಾಸಿವಿ ಆಗೈತಿ?’

ಇಂಥ ಜಗಳ ತೀರಿಸಲೆಂದೇ ಅಮೆರಿಕದ ಲಾರೆನ್ಸ್ ಹರ್ಬರ್ಟ್ 1963ರಲ್ಲಿ ಪ್ಯಾಂಟೋನ್ ಪದ್ಧತಿ ತಂದ. ಪ್ರತಿ ಬಣ್ಣಕ್ಕೂ ಒಂದು ನಂಬರು, ಇಂಕು ಬೆರೆಸುವ ಅಳತೆ. ಬೀಸಣಿಕೆಯಂತೆ ಬಿಚ್ಚಿಕೊಳ್ಳುವ ಆ ಪುಸ್ತಕದಲ್ಲಿ 485 ಎಂದರೆ ಎಲ್ಲಿಯೂ ಅದೇ ಕೆಂಪು. ನುಣುಪು ಆರ್ಟ್ ಪೇಪರಿಗೆ ‘ಸಿ’, ಇಂಕು ಹೀರುವ ಒರಟು ಕಾಗದಕ್ಕೆ ‘ಯು’ ಎಂಬ ಬಾಲ ಬೇರೆ. ಪುಸ್ತಕದ ಬಣ್ಣವೂ ಮಾಸುತ್ತದೆ, ಆಗಾಗ ಬದಲಿಸಿ ಎನ್ನುತ್ತದೆ ಕಂಪನಿ. ಹೊಸದರ ಬೆಲೆ ಕೇಳಿದ ಮೇಲೆ ಹಳೆಯದೇ ನಿಚ್ಚಳವಾಗಿ ಕಾಣತೊಡಗುತ್ತದೆ.

ಒಮ್ಮೆ ಮದುಮಗಳ ತಾಯಿಯೊಬ್ಬರು ಸೀರೆಯನ್ನೇ ತಂದು, ‘ತಮ್ಮಾ, ಈ ಸೆರಗಿನ ಕೆಂಪು ಬರಬೇಕು ನೋಡು’ ಎಂದರು. ಟ್ಯೂಬ್‌ಲೈಟಿನ ಕೆಳಗೆ ಪುಸ್ತಕ ಬಿಚ್ಚಿದೆ. ಒಂದು ನಂಬರು ಸೆರಗಿನಲ್ಲಿ ಕರಗಿಹೋಗುವಷ್ಟು ಕೂಡಿತು. ‘ಒಳಗೇನ್ ನೋಡ್ತೀಯಪ್ಪಾ, ಬಿಸಿಲಿಗೆ ಬಾ’ ಎಂದು ನನ್ನನ್ನು ಹೊರಡಿಸಿಯೇ ಬಿಟ್ಟರು. ಹೊರಗೆ ಎರಡೂ ಕೆಂಪು ಬೀಗರಾಗಲು ಒಪ್ಪಲೇ ಇಲ್ಲ. ಒಂದು ಬೆಳಕಿನಲ್ಲಿ ಕೂಡಿದ ಬಣ್ಣ ಇನ್ನೊಂದರಲ್ಲಿ ಅಗಲುವುದಕ್ಕೆ ಶಾಸ್ತ್ರದಲ್ಲಿ ಮೆಟಮೆರಿಸಂ ಎನ್ನುತ್ತಾರೆ. ಅದಕ್ಕೇ ಮುದ್ರಣ ಲೋಕ 5000 ಕೆಲ್ವಿನ್ ಬೆಳಕಿನಲ್ಲೇ ನೋಡಬೇಕೆಂದು ಕಟ್ಟು ಮಾಡಿದೆ. ಆ ತಾಯಿ ಇದನ್ನು ಕಲಿತದ್ದು ಮ್ಯಾಚಿಂಗ್ ಸೆಂಟರಿನಲ್ಲಿ, ಜಂಪರ್ ಪೀಸನ್ನು ಅಂಗಡಿಯ ಮೆಟ್ಟಿಲಿಗೆ ತಂದು ನೋಡಿ ನೋಡಿ.

ರಾಷ್ಟ್ರಧ್ವಜದ್ದೂ ಇದೇ ಕಥೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಸಿದ್ಧಪಡಿಸುವವರು ‘ಕೇಸರಿ’ ಎಂಬ ಹೆಸರನ್ನಷ್ಟೇ ನಂಬಿ ಬಣ್ಣ ಹಾಕುವಂತಿಲ್ಲ. ಗೊತ್ತುಪಡಿಸಿದ ಬೆಳಕಿನಲ್ಲಿ ಅದು ಇಂಥ ಅಂಕಿಗೇ ನಿಲ್ಲಬೇಕೆಂದು ಭಾರತೀಯ ಮಾನಕ ಹೇಳುತ್ತದೆ.

ಟ್ರೆಡಲ್ ಮಷಿನ್ನಿನ ಕಾಲದಲ್ಲಿ ಮುದ್ರಕ ಇಂಕನ್ನು ಚಾಕುವಿನಿಂದ ಕಲಸಿ, ಕೆಂಪಿಗೆ ಚೂರು ಹಳದಿ ಬೆರೆಸಿ, ಹೆಬ್ಬೆರಳಿನಿಂದ ಕಾಗದಕ್ಕೆ ಒತ್ತಿ, ಗಿರಾಕಿಯನ್ನು ಕಟ್ಟೆಗೆ ಕರೆದೊಯ್ಯುತ್ತಿದ್ದ. ಇಬ್ಬರೂ ಹ್ಞೂಂ ಅಂದರೆ ಮುಗಿಯಿತು. ಸಹಿಯೂ ಅದೇ, ನಂಬರೂ ಅದೇ. ಅಮರೇಶ್ವರ ಜಾತ್ರೆಯ ಹ್ಯಾಂಡ್‌ಬಿಲ್ಲಿಗಂತೂ ಆ ತಕರಾರೂ ಇರಲಿಲ್ಲ. ಗುಲಾಬಿ, ಹಳದಿ, ಹಸಿರು ಕಾಗದ ಯಾವುದು ಸಿಕ್ಕಿತೋ ಅದರ ಮೇಲೆ ಒಂದೇ ಇಂಕು.

ಈಗ ಪ್ರೂಫ್ ವಾಟ್ಸಾಪಿನಲ್ಲಿ ಹೋಗುತ್ತದೆ. ಮದುಮಗ ಬೆಂಗಳೂರಿನಲ್ಲಿ, ಕಾಕಾ ಪುಣೆಯಲ್ಲಿ, ಅತ್ತೆ ಹೈದರಾಬಾದಿನಲ್ಲಿ. ಕಾಕಾನ ಫೋನಿನಲ್ಲಿ ಅದು ಕಿತ್ತಳೆ, ಅತ್ತೆಯ ಫೋನಿನಲ್ಲಿ ಮರೂನ್. ಒಂದೇ ಬಿಸಿಲಲ್ಲಿ ನಿಲ್ಲಲಾರದಷ್ಟು ದೂರ ಹೋದವರಿಗಾಗಿಯೇ ಹರ್ಬರ್ಟ್ ನಂಬರು ಕೊಟ್ಟ ಎಂದು ನನಗೆ ಅನ್ನಿಸುವುದುಂಟು. ನಾವು ಗುರುಗುಂಟಾದವರೂ ಆ ಗಿರಾಕಿಗಳ ಸಾಲಿಗೆ ಸೇರಿಬಿಟ್ಟೆವು.

ಇಷ್ಟೆಲ್ಲ ತೂಗಿ ಅಳೆದು ಅಚ್ಚಾದ ಪತ್ರಿಕೆಯನ್ನು ಮನೆಗೊಯ್ದ ಮೇಲೆ, ಹೆಣ್ಣುಮಕ್ಕಳು ಸುತ್ತ ಕುಳಿತು ನಾಲ್ಕೂ ಮೂಲೆಗೆ ಅರಿಷಿಣ ಹಚ್ಚುತ್ತಾರೆ. ಒಂದು ಕಾರ್ಡಿನದು ಗಾಢ, ಇನ್ನೊಂದರದು ತೆಳು, ಮತ್ತೊಂದರಲ್ಲಿ ಬೆರಳಿನ ಗುರುತು. ಅದು ಮ್ಯಾಚ್ ಆಗಿಲ್ಲವೆಂದು ತಿರುಗಿ ಕಳಿಸಿದ ಬೀಗರನ್ನು ಮಾತ್ರ ನಾನಿನ್ನೂ ಕಂಡಿಲ್ಲ.