ಪರಿಷೆ ಸುದ್ದಿ, ಕಾಯಿ ರೇಟು, ಜಮೀನು ಸುದ್ದಿ

ಈ ಸಲ ಸ್ವಲ್ಪ ಉದ್ದ ಆಗಿದೆ, ಕೆಲಸ ಮುಗಿಸ್ಕೊಂಡು ಸಂಜೆ ಓದಿ.

ವಿಷಯ ಬಸವನಗುಡಿ ಕಡಲೆಕಾಯಿ ಪರಿಷೆ. ಹೋದ ವರ್ಷ ನಾನು ಕಾಯಿ ತಗೊಂಡು ಹೋಗಿ ಬಂದ ಮೇಲೆ ಐದಾರು ಜನ ಫೋನ್ ಮಾಡಿದ್ರು. ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣ, ಅಲ್ಲಿ ನಮ್ಮಂಥೋರು ಹೋಗಿ ಕೂತ್ಕೊಂಡ್ರೆ ಗಿಟ್ಟುತ್ತಾ?" ಪರಿಷೆ ಹತ್ರ ಬಂದಾಗ ಬರೆದ್ರೆ ಉಪಯೋಗ ಇಲ್ಲ. ಬಿತ್ತನೆಗೆ ಮುಂಚೆ ಬರೆದ್ರೆ ಯಾರಿಗಾದ್ರೂ ಕೆಲಸಕ್ಕೆ ಬಂದೀತು ಅಂತ ಈಗಲೇ ಬರೀತಿದೀನಿ.

ನಾನು ಉಳ್ಕೊಂಡಿದ್ದು ಗಿರಿನಗರದಲ್ಲಿ, ಅಕ್ಕನ ಮನೇಲಿ. ಅಲ್ಲಿಂದ ಸೀತಾ ಸರ್ಕಲ್, ಹನುಮಂತನಗರ ದಾಟಿದ್ರೆ ಬುಲ್ ಟೆಂಪಲ್ ರೋಡು. ಭಾವ ಬೆಳಿಗ್ಗೆ ಕಾಫಿ ಜೊತೆ ಪೇಪರ್ ಪೂರ್ತಿ ಓದೋರು, ಓದಿದ್ದನ್ನ ನಮಗೂ ಕೇಳಿಸೋರು. "ನಗರದಲ್ಲಿ ಇಂದು" ಅಂತ ಬರುತ್ತಲ್ಲ, ಅದರಲ್ಲಿ ಕೆ.ಎಚ್. ಕಲಾಸೌಧದ ನಾಟಕ, ಗೋಖಲೆ ಸಂಸ್ಥೆಯ ಉಪನ್ಯಾಸ, ಎಲ್ಲೋ ಒಂದು ಸುಗಮ ಸಂಗೀತ, ಆ ಸಾಲಲ್ಲೇ ನಮ್ಮ ಪರಿಷೆ. ಆ ಪುಟದಲ್ಲಿ ಕಡಲೆಕಾಯಿ ಅಂದ್ರೆ ಸಂಸ್ಕೃತಿ. ಪುಟ ತಿರುಗಿಸಿದ್ರೆ ಧಾರಣೆ, ಅಲ್ಲಿ ಅದೇ ಕಡಲೆಕಾಯಿ ಕ್ವಿಂಟಾಲ್ ಲೆಕ್ಕ. ಇನ್ನೊಂದು ಪುಟದಲ್ಲಿ ಬಿಡದಿ ಟೌನ್‌ಶಿಪ್, ಬೈರಮಂಗಲ, ಕಂಚುಗಾರನಹಳ್ಳಿ ಕಡೆ ರೈತರ ವಿರೋಧ. ಪೇಪರ್‌ನವರಿಗೆ ಇದು ಮೂರು ಸುದ್ದಿ. ಮೂಟೆ ಕಟ್ಕೊಂಡು ಹೋದ ನನಗೆ ಬೇರೆ ಬೇರೆ ಅನ್ನಿಸಲಿಲ್ಲ.

ಪರಿಷೆ ಗೊತ್ತಿಲ್ಲದ ಹುಡುಗರಿಗೆ ಎರಡು ಮಾತು. ಕಾರ್ತಿಕ ಮಾಸದ ಕೊನೇ ಸೋಮವಾರ ದೊಡ್ಡ ಬಸವಣ್ಣನಿಗೆ ಕಡಲೆಕಾಯಿ ಅಭಿಷೇಕ ಮಾಡಿ ಶುರು ಮಾಡ್ತಾರೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ದಾಸರಹಳ್ಳಿ ರೈತರ ಬೆಳೇನ ರಾತ್ರೋರಾತ್ರಿ ಒಂದು ಬಸವ ಬಂದು ಮೇಯ್ತಿತ್ತಂತೆ, ಅಟ್ಟಿಸ್ಕೊಂಡು ಹೋದ್ರೆ ಗುಡ್ಡದ ಮೇಲೆ ಕಲ್ಲಾಯ್ತಂತೆ. ಅವತ್ತಿಂದ ಮೊದಲ ಫಸಲು ಬಸವಣ್ಣನಿಗೆ. ಗುಡಿ ಕಟ್ಟಿಸಿದ್ದು ಕೆಂಪೇಗೌಡರು, 1537ರಲ್ಲಿ ಅಂತಾರೆ. ಕಡಲೆಕಾಯಿ ಮೂಲ ದಕ್ಷಿಣ ಅಮೆರಿಕ, ಪೋರ್ಚುಗೀಸರು ಹಡಗಲ್ಲಿ ಬಂದ ಮೇಲೆ ನಮ್ಮ ದೇಶಕ್ಕೆ ಸಿಕ್ಕ ಬೆಳೆ. ಆ ಕಾಲಕ್ಕೇ ಸುಂಕೇನಹಳ್ಳೀಲಿ ಹೊಲಗಟ್ಟಲೆ ಬೆಳೀತಿದ್ರು ಅಂದ್ರೆ ನನಗೆ ನಂಬಿಕೆ ಬರಲ್ಲ. ಆದ್ರೆ ಕಷ್ಟಪಟ್ಟು ಬೆಳೆದದ್ದನ್ನ ರಾತ್ರಿ ಯಾವುದೋ ಪ್ರಾಣಿ ಬಂದು ತಿಂದು ಹೋಗೋದು ಮಾತ್ರ ಸುಳ್ಳಲ್ಲ. ನಮ್ಮ ಕಡೆ ಬಸವನ ಬದಲು ಹಂದಿ, ಅಷ್ಟೇ. ಅದು ಕಲ್ಲೂ ಆಗಲ್ಲ.

ಈಗ ಲೆಕ್ಕಕ್ಕೆ ಬರೋಣ, ನೀವು ಕೇಳಿದ್ದು ಅದನ್ನೇ.

2025-26ಕ್ಕೆ ಕಡಲೆಕಾಯಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 7,263 ರೂಪಾಯಿ. ನಮ್ಮೂರಿಗೆ ಬಂದ ವ್ಯಾಪಾರಿ ಕೇಳಿದ್ದು 5,800. ನಾಲ್ಕಾರು ಮೂಟೆ ಇರೋನು ಬೆಂಬಲ ಬೆಲೆ ಅಂತ ಖರೀದಿ ಕೇಂದ್ರ ಹುಡುಕ್ಕೊಂಡು ಹೋಗಕ್ಕಾಗಲ್ಲ, ನಿಮಗೂ ಗೊತ್ತು. ಪರಿಷೇಲಿ ತೂಕ ಇಲ್ಲ, ಅಳತೆ. ಸೇರು, ಪಾವು, ಲೀಟರ್ ಡಬ್ಬಿ. ಮನೇಲೇ ಅಳೆದು ತೂಗಿ ನೋಡಿದೆ: ಒಂದು ಲೀಟರ್ ಡಬ್ಬಿ ಒಣಕಾಯಿ ಹೆಚ್ಚುಕಮ್ಮಿ 300 ಗ್ರಾಂ ಬರುತ್ತೆ. ಬೆಂಬಲ ಬೆಲೇಲಿ ಲೆಕ್ಕ ಹಾಕಿದ್ರೆ ಆ ಡಬ್ಬಿಗೆ 22 ರೂಪಾಯಿ. ನಾನು ಮಾರಿದ್ದು 50ಕ್ಕೆ, ಕೊನೇ ದಿನ 40ಕ್ಕೆ ಇಳಿಸಿದೆ.

ಇಷ್ಟು ಓದಿ ಕುಣಿಬೇಡಿ. 200 ಕಿಲೋ ತಗೊಂಡು ಹೋಗಿದ್ದೆ, ಆರು ಮೂಟೆ. ಕೊಸರು ಹಾಕದೆ ಯಾರೂ ತಗೊಳ್ಳಲ್ಲ. "ಏನಪ್ಪಾ, ಇಷ್ಟೇನಾ" ಅಂತ ಅಜ್ಜಿ ಒಬ್ಬರು ಕೈ ಹಾಕಿ ಒಂದು ಬೊಗಸೆ ತಾವೇ ತಗೊಂಡ್ರು, ಏನನ್ನೋಕಾಗುತ್ತೆ! ಎಲ್ಲಾ ಸೇರಿ ಬಂದಿದ್ದು 27,000. ಟೆಂಪೋಗೆ ಹೋಗಿ ಬರೋಕೆ 3,500, ಜೊತೆಗೆ ಬಂದ ಹುಡುಗನಿಗೆ ನಾಲ್ಕು ದಿನಕ್ಕೆ 2,800, ಊಟ, ಟಾರ್ಪಾಲು, ಪೇಪರ್ ಕವರು 1,700. ಕೈಗೆ ಉಳಿದಿದ್ದು 19,000. ಊರಲ್ಲೇ ವ್ಯಾಪಾರಿಗೆ ಕೊಟ್ಟಿದ್ರೆ 11,600. ವ್ಯತ್ಯಾಸ 7,400. ಅದರಲ್ಲಿ ನನ್ನ ನಾಲ್ಕು ದಿನದ ಕೂಲಿ ಸೇರಿಲ್ಲ, ಅಕ್ಕನ ಮನೇಲಿ ಉಂಡು ಮಲಗಿದ್ದು ಸೇರಿಲ್ಲ. ರೂಮ್ ಮಾಡ್ಕೊಂಡು ಮಾರ್ತೀನಿ ಅಂದ್ರೆ ಗಿಟ್ಟಲ್ಲ. ಇಬ್ಬರು ಮೂವರು ಸೇರಿ ಒಂದೇ ಟೆಂಪೋ ಮಾಡ್ಕೊಂಡ್ರೆ ಗಿಟ್ಟುತ್ತೆ.

ಹೋದ ವರ್ಷ ನವೆಂಬರ್ 17ರಿಂದ 21ರವರೆಗೆ ಐದು ದಿನ ಇಟ್ಟಿದ್ರು. ಮೊದಲು ಎರಡು ದಿನದಲ್ಲಿ ಮುಗೀತಿತ್ತು, ಮಾರಿದ್ರೆ ಮಾರಿದಂಗೆ, ಇಲ್ಲಾಂದ್ರೆ ಮೂಟೆ ವಾಪಸ್ಸು. ದಿನ ಜಾಸ್ತಿ ಆಗಿದ್ದು ಸಣ್ಣೋರಿಗೆ ಒಳ್ಳೇದು. ಅಂಗಡಿಯವರಿಂದ ಸುಂಕ ತಗೊಳ್ಳಲ್ಲ ಅಂತ 2024ರಲ್ಲೇ ಮುಜರಾಯಿ ಇಲಾಖೆ ಹೇಳಿತ್ತು. ಪ್ಲಾಸ್ಟಿಕ್ ಕವರ್ ನಡೆಯಲ್ಲ. ಅದಕ್ಕೆ ನಾನು ಹಳೇ ಪೇಪರ್‌ನಲ್ಲಿ ಪೊಟ್ಟಣ ಕಟ್ಟಿಕೊಟ್ಟೆ, ಭಾವನ ವರ್ಷದ ರಾಶಿ ಅಲ್ಲೇ ಖಾಲಿ ಆಯ್ತು.

ಸೋಮವಾರ ಜನ ಬರೋದು ದೇವರಿಗೆ, ಜಾತ್ರೆಗೆ. ಕಾಯಿ ತಗೊಳ್ಳೋದು ಕಮ್ಮಿ, ತಿನ್ನೋದು ಜಾಸ್ತಿ. ಹುರಿದದ್ದು, ಬೇಯಿಸಿದ್ದು ಇಟ್ಕೊಂಡೋರಿಗೆ ಅವತ್ತು ಹಬ್ಬ. ಮಂಗಳವಾರ, ಬುಧವಾರ ಹತ್ರದ ಬಡಾವಣೆಯೋರು ಬ್ಯಾಗ್ ಹಿಡ್ಕೊಂಡು ಬರ್ತಾರೆ, ಅವರೇ ನಿಜವಾದ ಗಿರಾಕಿ. ಶ್ರೀನಗರ, ಗಿರಿನಗರ, ತ್ಯಾಗರಾಜನಗರದ ಹೆಂಗಸರು ಎರಡು ಮೂರು ಲೀಟರ್ ಒಟ್ಟಿಗೆ ತಗೊಂಡ್ರು. ಅವರೆಲ್ಲ ಮೊದಲು ಕೇಳಿದ್ದು, "ಹಸಿಕಾಯಿ ಇಲ್ವಾ?" ನನ್ನತ್ರ ಒಣಕಾಯಿ ಮಾತ್ರ ಇತ್ತು. ತಮಿಳುನಾಡು ಕಡೆಯಿಂದ ಬಂದೋರು ಆಗಷ್ಟೇ ಕಿತ್ತ ಕಾಯಿ ಸುರ್ಕೊಂಡಿದ್ರು, ಸಂಜೆ ಹೊತ್ತಿಗೆ ಖಾಲಿ.

ಈ ಬರಹದ ಮುಖ್ಯ ಮಾತು ಇದೇ. ಈ ವರ್ಷ ಜ್ಯೇಷ್ಠ ಅಧಿಕ ಮಾಸ ಬಂದಿರೋದ್ರಿಂದ ಕಾರ್ತಿಕ ತಡ. ಪಂಚಾಂಗದ ಪ್ರಕಾರ ಕೊನೇ ಸೋಮವಾರ ಡಿಸೆಂಬರ್ 7ಕ್ಕೆ ಬೀಳುತ್ತೆ. ಮುಂಗಾರಲ್ಲಿ ಬಿತ್ತಿದ ಕಾಯಿ ಅಕ್ಟೋಬರ್‌ಗೇ ಕಿತ್ತು ಒಣಗಿರುತ್ತೆ. ಹಸಿಕಾಯಿ ಬೇಕಂದ್ರೆ ಬೋರ್ ನೀರು ಇರೋರು ಹತ್ತು ಗುಂಟೆ ಬೇರೆ ಇಟ್ಕೊಂಡು ಆಗಸ್ಟ್ ಎರಡನೇ ವಾರ ಬಿತ್ತಬೇಕು. ಟಿಎಂವಿ-2 ಥರದ ಗೊಂಚಲು ತಳಿ 105-110 ದಿನಕ್ಕೆ ಬರುತ್ತೆ, ನವೆಂಬರ್ ಚಳಿಗೆ ನಾಲ್ಕೈದು ದಿನ ಜಾಸ್ತಿ ಹಿಡಿಯುತ್ತೆ. ತಡವಾಗಿ ಬಿತ್ತಿದ್ರೆ ಎಲೆಚುಕ್ಕೆ, ತುಕ್ಕು ಜೋರು, ಒಂದು ತಿಂಗಳಾದ ಮೇಲೆ ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡ್ತಾ ಇರಿ. ಹೂವಿಂದ ಕಡ್ಡಿ ಮಣ್ಣಿಗೆ ಇಳಿಯೋ ಹೊತ್ತಿಗೆ ಎಕರೆಗೆ 200 ಕಿಲೋ ಲೆಕ್ಕದಲ್ಲಿ ಜಿಪ್ಸಂ ಕೊಡಿ, ಹತ್ತು ಗುಂಟೆಗೆ 50 ಕಿಲೋ ಸಾಕು. ಪರಿಷೇಲಿ ಗಿರಾಕಿ ಕಾಯಿ ಒಡೆದೇ ನೋಡೋದು, ಜೊಳ್ಳು ಬಂದ್ರೆ ಮುಂದಿನ ಅಂಗಡಿಗೆ ಹೋದ. ಒಣಕಾಯಿ ಇಟ್ಕೊಳ್ಳೋರು ಅಲ್ಲಾಡಿಸಿದ್ರೆ ಬೀಜ ಗಲಗಲ ಅನ್ನೋವರೆಗೂ ಒಣಗಿಸಿ. ಹಸಿ ಉಳಿದ್ರೆ ಎರಡು ತಿಂಗಳಲ್ಲಿ ಬೂಸ್ಟು ಹಿಡಿಯುತ್ತೆ, ಆ ಕಾಯಿ ಯಾರಿಗೂ ಕೊಡಬಾರದು, ದನಕ್ಕೂ.

ಬುಧವಾರ ರಾತ್ರಿ ವ್ಯಾಪಾರ ತಣ್ಣಗಾದ ಮೇಲೆ ಬ್ಯೂಗಲ್ ರಾಕ್ ಬಂಡೆ ಹತ್ರ ಹೋಗಿ ಕೂತಿದ್ದೆ. ಕೆಳಗೆ ಪೂರ್ತಿ ದೀಪ, ಪೀಪಿ ಸದ್ದು, ಡೊಳ್ಳು. ಆ ಸುಂಕೇನಹಳ್ಳಿ ಹೊಲ ಇದ್ದದ್ದು ಇಲ್ಲೇ ಅಲ್ವಾ ಅನ್ನಿಸ್ತು. ಪ್ಲೇಗ್ ಬಂದ ಕಾಲದಲ್ಲಿ, 1898ರಲ್ಲಿ, ಬಸವನಗುಡಿ ಬಡಾವಣೆ ಮಾಡಿದ್ರು. ಮಾವಳ್ಳಿ ಈಗ ಲಾಲ್‌ಬಾಗ್ ಪಕ್ಕದ ಬೀದಿಗಳು. ಗಿರಿನಗರದ ಸುತ್ತ ಆವಲಹಳ್ಳಿ, ಹೊಸಕೆರೆಹಳ್ಳಿ ಅಂತ ಬಸ್ಸಿನ ಬೋರ್ಡಲ್ಲಿ ಹಳ್ಳಿ ಹೆಸರು ಉಳಿದಿದೆ. ಪರಿಷೆ ನಿಂತಿಲ್ಲ, ಪ್ರತಿ ವರ್ಷ ದೊಡ್ಡದಾಗ್ತಿದೆ. ಕಾಯಿ ಮಾತ್ರ ದೂರದಿಂದ ಬರಬೇಕು.

ದೇವನಹಳ್ಳಿ ಚನ್ನರಾಯಪಟ್ಟಣದ 13 ಹಳ್ಳಿಯೋರು ಮೂರು ವರ್ಷಕ್ಕೂ ಜಾಸ್ತಿ ಕೂತು 1,777 ಎಕರೆ ಸ್ವಾಧೀನ ಕೈಬಿಡಿಸಿದ್ರು, 2025ರ ಜುಲೈ 15ಕ್ಕೆ ಸರ್ಕಾರ ಒಪ್ಪಿತು. ಬಿಡದಿ ಕಡೆಯೋರು ಅದನ್ನ ನೋಡೇ ಧೈರ್ಯ ತಗೊಂಡಿದಾರೆ. ಅವರಲ್ಲೂ ಎರಡು ಗುಂಪಿದೆ, ದುಡ್ಡು ಸರಿಯಾಗಿ ಬಂದ್ರೆ ಕೊಟ್ಟುಬಿಡೋಣ ಅನ್ನೋರೂ ಇದಾರೆ. ಅವರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಮೇಲಿನ ಲೆಕ್ಕ ನೋಡಿದ್ರಲ್ಲ, ನಾಲ್ಕು ದಿನ ಬೀದೀಲಿ ಕೂತ್ರೆ 7,400. ಆದ್ರೆ ಪೇಪರ್‌ನಲ್ಲಿ ಪರಿಷೆ ಫೋಟೋ ಅರ್ಧ ಪುಟ ಹಾಕಿ "ರೈತರ ಹಬ್ಬ" ಅಂತ ಬರೆಯೋರು, ಆ ರೈತ ಯಾವ ಊರಿಂದ ಬಂದ, ಅವನ ಜಮೀನು ಯಾವ ಪುಟದಲ್ಲಿದೆ ಅಂತ ಒಂದು ಸಾಲು ಬರೀಲಿ ಅನ್ನೋದು ನನ್ನಾಸೆ. ಒಬ್ಬ ಹುಡುಗ ಕ್ಯಾಮೆರಾ ಹಿಡ್ಕೊಂಡು ಬಂದು ನನ್ನ ರಾಶಿ ಫೋಟೋ ತೆಗೆದ, ನಗಿ ಅಂದ, ನಕ್ಕೆ. ಊರು ಯಾವುದು ಅಂತ ಕೇಳಲಿಲ್ಲ. ಎರಡು ಲೀಟರ್ ತಗೊಂಡ, ಅದು ಸಂತೋಷ.

ಈ ಸಲ ಹೋಗೋ ಮನಸ್ಸಿರೋರು ಆಗಸ್ಟ್ ಮೊದಲ ವಾರದೊಳಗೆ ಹೇಳಿ. ಮೂರು ಜನ ಆದ್ರೆ ಒಂದು ಟೆಂಪೋ, ಆರಾದ್ರೆ ದೊಡ್ಡ ಗಾಡಿ. ಬಿತ್ತನೆ ಬೀಜ ಒಟ್ಟಿಗೆ ತರೋಣ, ಹತ್ತು ಗುಂಟೆಗೆ ಸುಲಿದ ಬೀಜ ಹನ್ನೆರಡು ಕಿಲೋ ಬೇಕಾಗುತ್ತೆ. ಅಳತೆ ಡಬ್ಬಿ ಎಲ್ಲರೂ ಒಂದೇ ಸೈಜಿಂದು ಇಟ್ಕೊಳ್ಳೋಣ, ಪಕ್ಕಪಕ್ಕ ಕೂತು ನಾವೇ ಜಗಳ ಆಡೋದು ಬೇಡ.